ಯಾವ ಪಾಟೀಲ್ ರಾಜೀನಾಮೆ ಕೊಟ್ಟಿದ್ದು? ಒಂದು ನ್ಯೂಸ್ ಆ್ಯಪ್ ವರ್ಷ ಪೂರ್ತಿ ಬಳಸಿದ ಮೇಲೆ

ಮೊದ್ಲೇ ಹೇಳಿಬಿಡ್ತೀನಿ, ಆ್ಯಪ್ ಹೆಸರು ಬರೆಯಲ್ಲ. ಹೆಸರು ಹಾಕಿದ್ರೆ ಅವರ ಕಡೆಯೋರು ಬಂದು "ಸರ್, ನಿಮಗೆ ತೊಂದರೆ ಆಗಿದ್ದಕ್ಕೆ ವಿಷಾದ, ಮೆಸೇಜ್ ಮಾಡಿ" ಅಂತ ಶುರು ಹಚ್ಕೋತಾರೆ, ಅದ್ಯಾರಿಗೆ ಬೇಕು. ಕನ್ನಡದಲ್ಲಿ ಸುದ್ದಿ ಕೊಡೋ ಆ್ಯಪು, ಬೇಕಾದ ಹೆಸರು ಫಾಲೋ ಮಾಡಿದ್ರೆ ಅದರ ಸುದ್ದಿ ಬಂದಾಗೆಲ್ಲ ಫೋನ್ ಟಿಣ್ ಅನ್ನುತ್ತೆ, ಓದಕ್ಕಾಗದವರಿಗೆ ಓದಿ ಹೇಳೋ ದನಿ ಇದೆ, ಜಾಹೀರಾತು ಬೇಡ ಅಂದ್ರೆ ತಿಂಗಳಿಗೆ 49 ರೂಪಾಯಿ.

ನಾನು ಹಾಕಿಕೊಟ್ಟಿದ್ದು ನಮ್ಮಪ್ಪನಿಗೆ. 2025ರ ಸಂಕ್ರಾಂತಿ ಟೈಮಲ್ಲಿ ಕಣ್ಣಿನ ಪೊರೆ ಆಪರೇಷನ್ ಆಯ್ತು, ಡಾಕ್ಟರು ಸ್ವಲ್ಪ ದಿನ ಪೇಪರ್ ಹಿಡ್ಕೊಂಡು ಕೂರಬೇಡಿ ಅಂದ್ರು. ಪೇಪರ್ ಇಲ್ಲದೆ ಚಹಾ ಇಳಿಯಲ್ಲ ಅನ್ನೋ ಮನುಷ್ಯ, ರಿಟೈರ್ಡ್ ಪ್ರೈಮರಿ ಮೇಷ್ಟ್ರು, ವಿಜಯಪುರ ಜಿಲ್ಲೆ. ನಾನು ಬೆಂಗಳೂರಲ್ಲಿ ಹದಿನಾಲ್ಕು ವರ್ಷದಿಂದ ಇರೋದ್ರಿಂದ ನನ್ನ ಮಾತು ಕಲಬೆರಕೆ ಆಗಿದೆ, ಅಪ್ಪಂದು ಹಂಗೇ ಇದೆ. "ಯಾರ ಸುದ್ದಿ ಹಾಕ್ಲಿ ಅಪ್ಪಾ" ಅಂದೆ. "ನಮ್ಮ ಪಾಟೀಲರದು ಹಾಕಪಾ" ಅಂದ್ರು. ನಾನೂ ಹಿಂದೆ ಮುಂದೆ ನೋಡದೆ ಪಾಟೀಲ್ ಅಂತ ಟೈಪ್ ಮಾಡಿ ಫಾಲೋ ಒತ್ತಿದೆ. ಈ ರಿವ್ಯೂ ಪೂರ್ತಿ ಆ ಒಂದು ಒತ್ತಿನ ಕಥೆ.

ಬೆಂಗಳೂರು ಮೈಸೂರು ಕಡೆಯವರಿಗೆ ಇದು ಯಾಕೆ ಎಡವಟ್ಟು ಅಂತ ಹೇಳ್ಬೇಕು. ವಿಜಯಪುರ ಜಿಲ್ಲೆಯಲ್ಲಿ ವಿಧಾನಸಭಾ ಕ್ಷೇತ್ರ 8. 2023ರಲ್ಲಿ ಗೆದ್ದವರಲ್ಲಿ 5 ಜನ ಪಾಟೀಲರು. ಬಬಲೇಶ್ವರದಿಂದ ಎಂ.ಬಿ. ಪಾಟೀಲ್, ಬಸವನ ಬಾಗೇವಾಡಿಯಿಂದ ಶಿವಾನಂದ ಪಾಟೀಲ್, ಇಂಡಿಯಿಂದ ಯಶವಂತರಾಯಗೌಡ ಪಾಟೀಲ್, ಈ ಮೂವರು ಕಾಂಗ್ರೆಸ್. ವಿಜಯಪುರ ಸಿಟಿಯಿಂದ ಬಿಜೆಪಿ ಟಿಕೆಟ್ ಮೇಲೆ ಬಸನಗೌಡ ಪಾಟೀಲ ಯತ್ನಾಳ, ದೇವರ ಹಿಪ್ಪರಗಿಯಿಂದ ಜೆಡಿಎಸ್‌ನ ರಾಜುಗೌಡ ಪಾಟೀಲ್. ಇನ್ನು ಸೋತವರ ಲೆಕ್ಕ ತೆಗೆದ್ರೆ ಇನ್ನೂ ಮಜಾ: ಬಬಲೇಶ್ವರದಲ್ಲಿ ಎಂ.ಬಿ. ಪಾಟೀಲರ ಎದುರು ಬಿಜೆಪಿಯಿಂದ ನಿಂತಿದ್ದು ವಿಜುಗೌಡ ಪಾಟೀಲ್, ಅವರು ಬಾಗೇವಾಡಿ ಶಿವಾನಂದ ಪಾಟೀಲರ ತಮ್ಮ. ದೇವರ ಹಿಪ್ಪರಗಿಯಲ್ಲಿ ರಾಜುಗೌಡ ಪಾಟೀಲರು ಸೋಲಿಸಿದ್ದು ಸೋಮನಗೌಡ ಪಾಟೀಲ ಸಾಸನೂರ ಅವರನ್ನ. ಮುದ್ದೇಬಿಹಾಳದಲ್ಲಿ ಎ.ಎಸ್. ಪಾಟೀಲ ನಡಹಳ್ಳಿ ಸೋತ್ರು, ಗೆದ್ದವರು ಯಾರು ಅಂದ್ರೆ ಸಿ.ಎಸ್. ನಾಡಗೌಡ, ಅಂದ್ರೆ ಅಲ್ಲೂ ಪಾಟೀಲ್ಕಿ ಹೋಗಿ ನಾಡಗೌಡ್ಕಿ ಬಂತು ಅಷ್ಟೇ.

ಜಿಲ್ಲೆ ದಾಟಿ ಬೆಂಗಳೂರಿಗೆ ಬಂದ್ರೂ ಅದೇ ಹಾಡು. 2023ರಲ್ಲಿ ಬಂದ ಸಿದ್ದರಾಮಯ್ಯ ಸಂಪುಟದಲ್ಲಿ ಪಾಟೀಲರು 4 ಜನ: ಕೈಗಾರಿಕೆಗೆ ಎಂ.ಬಿ., ಕಾನೂನು ಮತ್ತು ಪ್ರವಾಸೋದ್ಯಮಕ್ಕೆ ಗದಗಿನ ಎಚ್.ಕೆ., ಜವಳಿ ಸಕ್ಕರೆಗೆ ಶಿವಾನಂದ, ವೈದ್ಯಕೀಯ ಶಿಕ್ಷಣಕ್ಕೆ ಸೇಡಂನ ಶರಣಪ್ರಕಾಶ. "ಸಚಿವ ಪಾಟೀಲ್ ಹೇಳಿಕೆ" ಅಂತ ನೋಟಿಫಿಕೇಷನ್ ಬಂದ್ರೆ ಏನು ಅರ್ಥ ಮಾಡ್ಕೋಬೇಕು? ಒಂದೇ ದಿನ ನಾಲ್ಕು ಬಂದಿದ್ದೂ ಇದೆ, ನಾಲ್ಕೂ "ಸಚಿವ ಪಾಟೀಲ್". ಅಪ್ಪ ಕೇಳಿ ಕೇಳಿ "ಈ ಮನಷ್ಯಾ ಮುಂಜಾನೆ ಫ್ಯಾಕ್ಟರಿ, ಮಧ್ಯಾಹ್ನ ಕಾಯ್ದೆ, ಸಂಜಿಗೆ ಕಬ್ಬು, ರಾತ್ರಿ ಮೆಡಿಕಲ್ ಕಾಲೇಜು, ಊಟ ಯಾವಾಗ ಮಾಡ್ತಾನೋ" ಅಂದ್ರು.

ಸರಿ, ಜಾಸ್ತಿ ಬಂದ್ರೆ ಸಹಿಸ್ಕೋಬಹುದು, ಬರಬೇಕಾದ್ದೇ ಬರಲಿಲ್ಲ ಅಂದ್ರೆ? 2025ರ ಮಾರ್ಚ್‌ನಲ್ಲಿ ಬಿಜೆಪಿ ಯತ್ನಾಳರನ್ನ 6 ವರ್ಷಕ್ಕೆ ಉಚ್ಚಾಟನೆ ಮಾಡ್ತಲ್ಲ, ನಮ್ಮ ಜಿಲ್ಲೆ ಮಟ್ಟಿಗೆ ಆ ವರ್ಷದ ದೊಡ್ಡ ಸುದ್ದಿ, ಹೋಟೆಲ್ ಕಟ್ಟೆ ಮೇಲೆಲ್ಲಾ ಅದೇ ಮಾತು, ಅಪ್ಪನ ಫೋನು ಮಾತ್ರ ತುಟಿ ಪಿಟಕ್ ಅನ್ನಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಎಲ್ಲ ಹೆಡ್‌ಲೈನ್‌ನಲ್ಲೂ ಇದ್ದಿದ್ದು "ಯತ್ನಾಳ್" ಅಷ್ಟೇ, ಪಾಟೀಲ್ ಅನ್ನೋ ಪದವೇ ಇಲ್ಲ. ಆ ಹೆಸರಲ್ಲಿ ಯತ್ನಾಳ ಅನ್ನೋದು ಊರು, ಪಾಟೀಲ ಅನ್ನೋದು ಅಡ್ಡಹೆಸರು, ಜನ ಕರೆಯೋದು ಊರಿನ ಮೇಲೆ. ನಡಹಳ್ಳಿ, ಸಾಸನೂರ, ಕುಷ್ಟಗಿ ಕಡೆಯ ಅಮರೇಗೌಡ ಪಾಟೀಲ ಬಯ್ಯಾಪುರ, ಎಲ್ಲ ಇದೇ ಜಾತಕ. ಅಷ್ಟೊಂದು ಪಾಟೀಲರು ಇರೋ ಕಡೆ ಪಾಟೀಲ ಅಂತ ಕೂಗಿದ್ರೆ ಅರ್ಧ ಬಸ್ಸೇ ತಿರುಗಿ ನೋಡುತ್ತೆ, ಅದಕ್ಕೆ ಊರು ಸೇರಿಸೋದು. ಪೇಪರ್‌ನವರು ಎಂ.ಬಿ. ಪಾಟೀಲರನ್ನ "ಎಂಬಿಪಾ" ಅಂತ ಕುಗ್ಗಿಸಿ ಹಾಕ್ತಾರೆ, ಅದನ್ನೂ ಈ ಆ್ಯಪ್ ಹಿಡಿಯಲ್ಲ. ಇನ್ನೊಂದು ತಲೆನೋವು ಅಂದ್ರೆ ವಿಭಕ್ತಿ. ಪಾಟೀಲ್ ಅಂದ್ರೆ ಬರುತ್ತೆ, ಪಾಟೀಲ ಅಂದ್ರೆ ಕೆಲವು ಸಲ ಬರುತ್ತೆ, "ಪಾಟೀಲರಿಗೆ", "ಪಾಟೀಲರಿಂದ" ಅಂದ್ರೆ ನಾಪತ್ತೆ. ಕನ್ನಡಕ್ಕೆ ಅಂತ ಆ್ಯಪ್ ಮಾಡಿ ಕನ್ನಡದ ಪ್ರತ್ಯಯ ಗೊತ್ತಿಲ್ಲ ಅಂದ್ರೆ ಹೆಂಗೆ ಸ್ವಾಮಿ.

ಈಗ ಮೇ ತಿಂಗಳ ಕಥೆ. ಸಂಜೆ ಮೀಟಿಂಗ್‌ನಲ್ಲಿದ್ದೆ, ಅಪ್ಪಂದು ಮೂರು ಮಿಸ್ಡ್ ಕಾಲ್. ಗಾಬರಿ ಬಿದ್ದು ಹೊರಗೆ ಬಂದು ಫೋನ್ ಮಾಡಿದೆ. "ತಮ್ಮಾ, ಪಾಟೀಲ ರಾಜೀನಾಮೆ ಕೊಟ್ಟಾನಂತ. ಯಾವ ಪಾಟೀಲ?" ಆ್ಯಪ್ ಕಳಿಸಿದ್ದು ಹೆಚ್ಚುಕಮ್ಮಿ ಹೀಗಿತ್ತು, ಪಾಟೀಲ್ ಸವಾಲಿಗೆ ಪಾಟೀಲ್ ರಾಜೀನಾಮೆ. ಪಕ್ಕದಲ್ಲಿ ಫೋಟೋ ಎಂ.ಬಿ. ಪಾಟೀಲರದ್ದು! ಅಸಲಿಗೆ ಆಗಿದ್ದು ಏನಂದ್ರೆ ಯತ್ನಾಳ ಹಾಕಿದ ಸವಾಲಿಗೆ ಶಿವಾನಂದ ಪಾಟೀಲರು ಶಾಸಕ ಸ್ಥಾನಕ್ಕೆ ರಾಜೀನಾಮೆ ಪತ್ರ ಬರೆದು ಸ್ಪೀಕರ್ ಯು.ಟಿ. ಖಾದರ್ ಕೈಗೆ ಕೊಟ್ಟಿದ್ರು, ಸ್ಪೀಕರ್ ಅದನ್ನ ಅಂಗೀಕಾರ ಮಾಡಲಿಲ್ಲ, ಮುಗೀತು. ಅದರಲ್ಲಿ ಎಂ.ಬಿ. ಪಾಟೀಲರ ಪಾತ್ರ ಏನೂ ಇಲ್ಲ, ಫೋಟೋ ಅವರದ್ದು. ಅಷ್ಟೊತ್ತಿಗೆ ಅಪ್ಪ ಓಣಿ ತುಂಬ ಹೇಳಿ ಆಗಿತ್ತು. ಮೇಷ್ಟ್ರು ಹೇಳಿದ್ದು ಅಂತ ಜನ ನಂಬಿದ್ರು, ಆಮೇಲೆ ಎರಡು ದಿನ ಕಟ್ಟೆ ಕಡೆ ಹೋಗಲೇ ಇಲ್ಲ ಪಾಪ. ಒಂದು ಸ್ಟಾರ್ ಇದಕ್ಕೇ ಕಟ್.

ಓದಿ ಹೇಳೋ ದನಿ ಬಗ್ಗೆ ಎರಡು ಮಾತು. ದನಿ ಚೆನ್ನಾಗಿದೆ, ವೇಗ ಕಮ್ಮಿ ಮಾಡ್ಕೋಬಹುದು, "ಳ" "ಲ" ಎರಡೂ ಬೇರೆ ಬೇರೆ ಕೇಳುತ್ತೆ, ಅದು ಮೆಚ್ಚಬೇಕಾದ್ದು. ಆದ್ರೆ ಇಂಗ್ಲಿಷ್ ಸುದ್ದಿನ ಮೆಷಿನ್ನಲ್ಲಿ ಕನ್ನಡಕ್ಕೆ ತಿರುಗಿಸಿ ಓದಿಸ್ತಾರಲ್ಲ, ಅಲ್ಲಿ ಇನಿಷಿಯಲ್ ಸಿಕ್ಕಿದ್ರೆ ಮುಗೀತು. ಎಂ.ಬಿ. ಪಾಟೀಲರು ಒಂದಿನ "ಮೆಗಾಬೈಟ್ ಪಾಟೀಲ್" ಆದ್ರು. ಗದಗಿನ ಮಾಜಿ ಶಾಸಕ ಡಿ.ಆರ್. ಪಾಟೀಲರು "ಡಾಕ್ಟರ್ ಪಾಟೀಲ್" ಆದ್ರು. ಹಿರೇಕೆರೂರಿನ ಬಿ.ಸಿ. ಪಾಟೀಲರು, ಪೊಲೀಸ್ ಕೆಲಸ ಬಿಟ್ಟು ಸಿನಿಮಾ ಮಾಡಿ ಆಮೇಲೆ ಕೃಷಿ ಮಂತ್ರಿ ಆದ್ರಲ್ಲ ಅವರು, "ಕ್ರಿಸ್ತಪೂರ್ವ ಪಾಟೀಲ್" ಆದ್ರು. ನಗು ತಡೆಯಕ್ಕಾಗದೆ ಅವ್ವ ಅಡಿಗೆಮನೆಯಿಂದ ಎದ್ದು ಬಂದ್ರು, ಅವ್ವನ ತವರುಮನೆಯೂ ಪಾಟೀಲರೇ, "ನಮ್ಮವ್ರು ಯಾವ ಪೂರ್ವದವ್ರೋ" ಅಂತ.

ಇನಿಷಿಯಲ್ ಅಂದ್ರೆ ಸುಮ್ನೆ ಅಲಂಕಾರ ಅಲ್ಲ ನಮ್ಮ ಕಡೆ. ನಮ್ಮಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಮೊಮ್ಮಗನಿಗೆ ಅಜ್ಜನ ಹೆಸರಿಡೋ ಪದ್ಧತಿ ಬೇರೆ. ಹಂಗಾಗಿ ತಲೆಮಾರಿಗೊಂದು ಸಲ ಇನಿಷಿಯಲ್ ಉಲ್ಟಾ ಆಗುತ್ತೆ. ಎಂ.ಬಿ. ಅಂದ್ರೆ ಮಲ್ಲನಗೌಡ ಬಸನಗೌಡ, ಅವರ ತಂದೆ ಬಿ.ಎಂ. ಪಾಟೀಲ್, ವಿಜಯಪುರದ ಮೆಡಿಕಲ್ ಕಾಲೇಜಿಗೆ ಅವರ ಹೆಸರೇ ಇರೋದು. ಎಚ್.ಕೆ. ಪಾಟೀಲರ ತಂದೆ ಕೆ.ಎಚ್. ಪಾಟೀಲ್, ಹುಲಕೋಟಿಯ ಸಹಕಾರಿ ಧುರೀಣರು, "ಹುಲಕೋಟಿ ಹುಲಿ" ಅಂತಿದ್ರು ಜನ. ಅಪ್ಪನಂಥವರಿಗೆ ಎರಡು ಅಕ್ಷರ ಹಿಂದೆ ಮುಂದೆ ಆದ್ರೆ ಅಪ್ಪ ಯಾರು ಮಗ ಯಾರು ತಟ್ಟನೆ ಗೊತ್ತಾಗುತ್ತೆ. ಆ್ಯಪ್‌ಗೆ ಕೆ.ಎಚ್., ಎಚ್.ಕೆ. ಎಲ್ಲ ಒಂದೇ ಪ್ರೊಫೈಲ್. ತೆರೆದು ನೋಡಿದ್ರೆ 1992ರಲ್ಲಿ ತೀರಿಕೊಂಡವರ ಪುಣ್ಯಸ್ಮರಣೆ ಸುದ್ದಿಯೂ ಅದೇ ಖಾತೆಯಲ್ಲಿ, ಈಗಿನ ಕ್ಯಾಬಿನೆಟ್ ಬ್ರೀಫಿಂಗೂ ಅದೇ ಖಾತೆಯಲ್ಲಿ.

ಮಹಾರಾಷ್ಟ್ರ ಗುಜರಾತ್ ಕಡೆಯಿಂದ ಹರಿದು ಬರೋದು ಬೇರೆ ಪ್ರವಾಹ. ಕೇಂದ್ರದ ಜಲಶಕ್ತಿ ಸಚಿವರು ಸಿ.ಆರ್. ಪಾಟೀಲ್, ಗುಜರಾತಿನ ನವಸಾರಿ ಸಂಸದರು. ಕೃಷ್ಣಾ, ಮಹದಾಯಿ ಅಂತ ನಮ್ಮ ರಾಜ್ಯದವರು ದಿಲ್ಲಿಗೆ ಹೋದಾಗೆಲ್ಲ ಅವರ ಹೆಸರು ಬರುತ್ತೆ, ಇತ್ತ 2013ರಿಂದ 18ರವರೆಗೆ ಇಲ್ಲಿ ಜಲಸಂಪನ್ಮೂಲ ಇದ್ದಿದ್ದು ಎಂ.ಬಿ. ಪಾಟೀಲರ ಹತ್ರ. ನೀರು ಪ್ಲಸ್ ಪಾಟೀಲ್ ಅಂದ್ರೆ ಆ್ಯಪ್ ಇಬ್ಬರನ್ನೂ ಕಲಸಿ ಕೊಡ್ತಿತ್ತು. ಸಾಂಗ್ಲಿಯ ಜಯಂತ ಪಾಟೀಲ್, ಕೊಲ್ಹಾಪುರ ಕಡೆಯ ಚಂದ್ರಕಾಂತ ಪಾಟೀಲ್, ವಿಖೆ ಪಾಟೀಲ್, ವಳಸೆ ಪಾಟೀಲ್, ಅವರದ್ದೆಲ್ಲ ಅಪ್ಪ ಕೇಳಿಸ್ಕೊಂಡೇ ಬಿಟ್ರು, ಗಡಿ ಜಿಲ್ಲೆ ಅಲ್ವಾ, ಕುತೂಹಲ. ಅಧಿಕಾರಿಗಳಲ್ಲೂ ಇದೇ ಪಜೀತಿ, ಕರ್ನಾಟಕ ಪೊಲೀಸ್‌ನಲ್ಲಿ ಒಬ್ಬರು ಸಂದೀಪ್ ಪಾಟೀಲ್ ಐಪಿಎಸ್, ಮಹಾರಾಷ್ಟ್ರದ ಗಡಚಿರೋಲಿ ಕಡೆ ಕೆಲಸ ಮಾಡಿದ ಇನ್ನೊಬ್ಬರು ಸಂದೀಪ್ ಪಾಟೀಲ್ ಐಪಿಎಸ್, ಇಬ್ಬರ ಜೊತೆಗೆ 1983ರ ವರ್ಲ್ಡ್ ಕಪ್ ಟೀಮಿನ ಸಂದೀಪ್ ಪಾಟೀಲ್. ನವೆಂಬರ್ 2ಕ್ಕೆ ನಮ್ಮ ಹೆಣ್ಣುಮಕ್ಕಳು ವರ್ಲ್ಡ್ ಕಪ್ ಗೆದ್ದಿದ್ದು ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ, ಅವತ್ತು ಫೋನ್ ಎಷ್ಟು ಸಲ ಟಿಣ್ ಅಂದಿದೆ ಲೆಕ್ಕ ಇಲ್ಲ. ಅಪ್ಪಂಗೆ ಕ್ರಿಕೆಟ್ ಅಂದ್ರೆ ಅಷ್ಟಕ್ಕಷ್ಟೇ, ಆದ್ರೂ ರಾತ್ರಿ ಪೂರ್ತಿ ಕೂತು ಕೇಳಿದ್ರು. ಇದನ್ನ ಆ್ಯಪ್‌ನ ಪ್ಲಸ್ ಅಂತ ಹಾಕ್ಬೇಕೋ ಮೈನಸ್ ಅಂತ ಹಾಕ್ಬೇಕೋ ಇನ್ನೂ ತೀರ್ಮಾನ ಆಗಿಲ್ಲ.

ಸಪೋರ್ಟ್‌ಗೆ ಬರೆದೆ. ಎರಡು ದಿನಕ್ಕೆ ಉತ್ತರ ಬಂತು, ಅದರಲ್ಲಿ ಒಂದು ಸಾಲು ನನ್ನ ತಲೆ ಕೆಡಿಸ್ತು: "ಒಂದೇ ಕುಟುಂಬದ ಸದಸ್ಯರ ಸುದ್ದಿಗಳು ಒಟ್ಟಿಗೆ ಬರುವುದು ಸಹಜ." ಒಂದೇ ಕುಟುಂಬ! ಇವರಿಗೆ ಯಾರಾದ್ರೂ ಹೇಳಿ, ಪಾಟೀಲ ಅನ್ನೋದು ಮನೆತನ ಅಲ್ಲ, ಹುದ್ದೆ. ಊರಿನ ಕಂದಾಯ ಎತ್ತೋದು, ಕಳ್ಳಕಾಕರ ಮೇಲೆ ಕಣ್ಣಿಡೋದು ಆ ಹುದ್ದೆಯ ಕೆಲಸ, ಲೆಕ್ಕ ಬರೆಯೋನು ಕುಲಕರ್ಣಿ. ಕೆಲಸ ಹಂಚ್ಕೊಂಡ ಕಡೆ ಪೊಲೀಸ್ ಪಾಟೀಲ ಬೇರೆ, ಕಂದಾಯದ ಮಾಲಿಪಾಟೀಲ ಬೇರೆ, ಆ ಎರಡೂ ಅಡ್ಡಹೆಸರು ಇವತ್ತಿಗೂ ಇವೆ. ಊರಿಗೊಬ್ಬ ಪಾಟೀಲ, ಹಂಗಾಗಿ ಎಷ್ಟು ಊರೋ ಅಷ್ಟು ಪಾಟೀಲರ ಮನೆ. ಲಿಂಗಾಯತರಲ್ಲಿ ಇದ್ದಾರೆ, ಮರಾಠರಲ್ಲಿ ಇದ್ದಾರೆ, ಜೈನರಲ್ಲಿ ಇದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ಹಳೇ ಮೈಸೂರು ಕಡೆ ಇದೇ ಕೆಲಸ ಮಾಡಿದವರು ಪಟೇಲರು, ಶಾನುಭೋಗರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂದಿದ್ದು 1961ರಲ್ಲಿ, ಜಾರಿ ಆಗಿದ್ದು 1963ರ ಫೆಬ್ರವರಿ 1ಕ್ಕೆ. ಹುದ್ದೆ ಹೋಯ್ತು, ಹೆಸರು ಉಳೀತು. ಐದು ವರ್ಷ ದಾಟಿ ಸ್ವಲ್ಪ ದಿನಕ್ಕೇ, 1968ರಲ್ಲಿ, ಚಿಂಚೋಳಿಯ ವೀರೇಂದ್ರ ಪಾಟೀಲರು ಇಡೀ ರಾಜ್ಯಕ್ಕೇ ಮುಖ್ಯಮಂತ್ರಿ ಆದ್ರು, 1989ರಲ್ಲಿ ಇನ್ನೊಂದು ಸಲ. ಆ ಜಾಗಕ್ಕೆ 1996ರಲ್ಲಿ ಬಂದ ಜೆ.ಎಚ್. ಪಟೇಲರ ಹೆಸರೂ ಅದೇ ಬಳ್ಳಿಯ ಕಾಯಿ, ಆದ್ರೆ ಪಾಟೀಲ್ ಅಂತ ಹುಡುಕಿದ್ರೆ ಅವರು ಸಿಗಲ್ಲ, ಕ್ರಿಕೆಟ್ ಆಡೋರು ಸಿಗ್ತಾರೆ.

ಇದನ್ನೆಲ್ಲ ಅವರಿಗೆ ಉದ್ದಕ್ಕೆ ಬರೆದು ಕಳಿಸಿದೆ. "ಧನ್ಯವಾದ, ನಿಮ್ಮ ಸಲಹೆಯನ್ನು ತಂಡಕ್ಕೆ ತಲುಪಿಸಲಾಗಿದೆ" ಅಂತ ಬಂತು. ತಂಡದಲ್ಲಿ ಕಲ್ಯಾಣ ಕರ್ನಾಟಕದ ಕಡೆಯೋರು, ಕಿತ್ತೂರು ಕರ್ನಾಟಕದ ಕಡೆಯೋರು ಒಬ್ಬರಾದ್ರೂ ಇದ್ದಿದ್ರೆ ಇಷ್ಟು ಬರೆಯೋ ಪ್ರಮೇಯ ಬರ್ತಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಅಪ್ಪನೇ. "ಹೆಸರು ಬಿಡೋ, ಊರು ಹಾಕು. ಟಪಾಲಿನವ್ನು ಹಂಗೇ ಹಂಚ್ತಾನ" ಅಂದ್ರು. ಪಾಟೀಲ್ ತೆಗೆದು ಬಬಲೇಶ್ವರ, ಬಸವನ ಬಾಗೇವಾಡಿ, ಯತ್ನಾಳ, ದೇವರ ಹಿಪ್ಪರಗಿ, ಇಂಡಿ ಅಂತ ಐದು ಹಾಕಿದೆ. ಮುಕ್ಕಾಲು ಪಾಲು ಸರಿ ಹೋಯ್ತು. ಗಲಾಟೆ ಮಾಡಿದ್ದು ಇಂಡಿ ಒಂದೇ. ದಿಲ್ಲಿಯ ವಿರೋಧ ಪಕ್ಷಗಳ ಕೂಟಕ್ಕೆ ಕೆಲವರು "ಇಂಡಿ ಕೂಟ" ಅಂತ ಬರೀತಾರಲ್ಲ, ರಾಹುಲ್ ಗಾಂಧಿ, ಮಮತಾ, ಸ್ಟಾಲಿನ್ ಎಲ್ಲ ಇಂಡಿ ತಾಲೂಕಿನ ಖಾತೆಗೆ ಬಂದು ಕೂತ್ರು. ಅಪ್ಪ ಮೊದಲನೇ ದಿನ ಕೇಳಿ "ಇಂಡ್ಯಾಗ ಇಷ್ಟ್ ಮಂದಿ ಯಾವಾಗ ಬಂದ್ರೋ" ಅಂದ್ರು.

ಲೆಕ್ಕಕ್ಕೆ ಹೇಳೋದಾದ್ರೆ ಅಕ್ಷರ ದೊಡ್ಡದು ಮಾಡ್ಕೊಳ್ಳೋದು, ನೆಟ್‌ವರ್ಕ್ ಇಲ್ಲದ ಕಡೆಯೂ ಓದೋದು, ದನಿ, ಇವಕ್ಕೆ ಎರಡೂವರೆ ಸ್ಟಾರ್. ಫಾಲೋ ಫೀಚರ್‌ಗೆ ಸೊನ್ನೆ. ಅಡ್ಡಹೆಸರು ಹಾಕಿ ಫಾಲೋ ಮಾಡೋ ಅಂದಾಜಿದ್ರೆ ತಗೋಬೇಡಿ, ಗೌಡ ಅಂತಲೋ ಶೆಟ್ಟಿ ಅಂತಲೋ ಹಾಕಿದವರ ಗತಿ ಏನಾಗಿರುತ್ತೋ ಊಹಿಸಕ್ಕೂ ಭಯ ಆಗುತ್ತೆ.

ಅಪ್ಪನ ಕಣ್ಣು ಈಗ ಸರಿ ಇದೆ, ಪೇಪರಿಗೆ ವಾಪಸ್ ಹೋಗಿದ್ದಾರೆ. ಆ್ಯಪ್ ತೆಗೆದುಬಿಡ್ಲಾ ಅಂದ್ರೆ ಬ್ಯಾಡ ಅಂತಾರೆ. ಇಂಡಿ ಖಾತೆಯಲ್ಲಿ ರಾಹುಲ್ ಗಾಂಧಿ ಆಚೆ ಈಚೆ ದಿನಾ ನಿಂಬೆಹಣ್ಣಿನ ರೇಟೂ ಬರುತ್ತಂತೆ, ಇಂಡಿ ಲಿಂಬಿಗೆ ಜಿಐ ಟ್ಯಾಗ್ ಬೇರೆ ಇದೆಯಲ್ಲ, ನಮ್ಮ ಹೊಲದಲ್ಲೂ ನಲವತ್ತು ಗಿಡ ಇವೆ. ಮುಂದಿನ ತಿಂಗಳ 49 ರೂಪಾಯಿ ನಿನ್ನೆ ಕಟ್ಟಿದೆ.