ಪಾಯಿಂಟ್ ರೇಯ್ಸ್‌ನ ಕೋಸ್ಟ್ ಕ್ಯಾಂಪ್: ಕ್ವಿಯರ್ ಮಕ್ಕಳ ಮೊದಲ ಟ್ರೆಕ್‌ಗೆ ಎಷ್ಟು ಸರಿ?

ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಕಾರು ಓಡಿಸಿದರೆ ಪಾಯಿಂಟ್ ರೇಯ್ಸ್ ಸಿಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಕೋಸ್ಟ್ ಮಿವೋಕ್ ಜನರ ನೆಲ ಇದು. 1962ರಲ್ಲಿ ಅಮೆರಿಕ ಸರ್ಕಾರ ರಾಷ್ಟ್ರೀಯ ಕಡಲತೀರವೆಂದು ಕಾಯ್ದಿರಿಸಿತು. ಒಳಗೆ ನಡೆದುಕೊಂಡೇ ಹೋಗಬೇಕಾದ ನಾಲ್ಕು ಕ್ಯಾಂಪ್‌ಗಳಿವೆ: ಸ್ಕೈ, ಕೋಸ್ಟ್, ಗ್ಲೆನ್, ವೈಲ್ಡ್‌ಕ್ಯಾಟ್. ಕಪ್ಪು, ಲ್ಯಾಟಿನೋ, ಏಷ್ಯನ್, ಮೂಲನಿವಾಸಿ ಮನೆಗಳ ಎಲ್‌ಜಿಬಿಟಿಕ್ಯೂ (ಕ್ವಿಯರ್, ಅಂದರೆ ಲಿಂಗತ್ವದಲ್ಲೋ ಲೈಂಗಿಕತೆಯಲ್ಲೋ ಅಲ್ಪಸಂಖ್ಯಾತರಾದ) ಹದಿಹರೆಯದವರನ್ನು ಎರಡು ರಾತ್ರಿಯ ಟ್ರೆಕ್‌ಗೆ ಕರೆದೊಯ್ಯುವ ಲೀಡರ್‌ಗಳಿಗೆ ಈ ನಾಲ್ಕರಲ್ಲಿ ಕೋಸ್ಟ್ ಕ್ಯಾಂಪ್ ಎಷ್ಟು ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ, ಅವರನ್ನು ಕರೆದೊಯ್ಯಲು ಮುಂದೆ ಬರುವ ಅಕ್ಕ, ಅಣ್ಣ, ಚಿಕ್ಕಮ್ಮಂದಿರೂ ಇದ್ದಾರೆ. ಆದ್ದರಿಂದ ಕನ್ನಡದಲ್ಲಿ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮೊದಲ ಟ್ರೆಕ್‌ಗೆ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಗಾಳಿ, ಮಂಜು ಮತ್ತು ಬುಕಿಂಗ್‌ನ ಪರದಾಟಕ್ಕೆ.

ಅಂಕ ಗಳಿಸಿಕೊಟ್ಟದ್ದರಲ್ಲಿ ಮೊದಲನೆಯದು ಶೌಚಾಲಯ. ಕೇಳಲು ಸಣ್ಣ ವಿಷಯ, ಆದರೆ ಟ್ರಾನ್ಸ್ ಮಕ್ಕಳು ಟ್ರೆಕ್ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ಇಲ್ಲಿರುವುದು ಗುಂಡಿಯ ಶೌಚಾಲಯ. ಒಬ್ಬರೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಗಂಡು ಹೆಣ್ಣು ಎಂದು ಎರಡು ಸಾಲು ಇಲ್ಲ. ಬಟ್ಟೆ ಬದಲಿಸಲು, ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ಬಿಗಿಯುವ ಒಳಬಟ್ಟೆ) ಬಿಚ್ಚಲು, ಪ್ಯಾಡ್ ಬದಲಿಸಲು ಅದೇ ಜಾಗ ಸಾಕು. ಶೌಚಾಲಯಕ್ಕೆ ಹೋಗಲು ಹೆದರುವ ಮಗು ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ವಾಂತಿ. ಬಿಸಿಲಿನಿಂದ ಹೀಗಾಯಿತು ಎಂದು ಲೀಡರ್ ಅಂದುಕೊಳ್ಳುತ್ತಾರೆ, ನಿಜವಾದ ಕಾರಣ ಬೆಳಿಗ್ಗೆ ದಾರಿಯಲ್ಲಿ ವ್ಯಾನ್ ನಿಲ್ಲಿಸಿದ ಪೆಟ್ರೋಲ್ ಬಂಕ್‌ನಲ್ಲಿ ಇರುತ್ತದೆ. ಹಾಗಾಗಿ ಹೋಗುವ ದಾರಿಯಲ್ಲೂ ಒಬ್ಬರೇ ಬಳಸುವ ಶೌಚಾಲಯ ಇರುವ ಕಡೆ ಮಾತ್ರ ನಿಲ್ಲಿಸಿ. ಎಲ್ಲಿ ಅನ್ನುವುದನ್ನು ಹಿಂದಿನ ವಾರವೇ ಹೋಗಿ ನೋಡಿಕೊಂಡು ಬನ್ನಿ.

ಎರಡನೆಯದು ದೂರ. ನಡಿಗೆ ಶುರುವಾಗುವ ಲಗೂನಾ ಟ್ರೇಲ್‌ಹೆಡ್‌ನಿಂದ ಫೈರ್ ಲೇನ್ ದಾರಿಯಾಗಿ ಸುಮಾರು 1.8 ಮೈಲಿ, ಕೋಸ್ಟ್ ಟ್ರೇಲ್ ಹಿಡಿದರೆ ಸುಮಾರು 2.7 ಮೈಲಿ. ಹತ್ತಿರದ ದಾರಿ ಎಂದು ಫೈರ್ ಲೇನ್ ಹಿಡಿದವರಿಗೆ ಶುರುವಿನಲ್ಲೇ ಏರು. ಹೊಸ ಬ್ಯಾಗ್, ಇನ್ನೂ ಸರಿಯಾಗಿ ಕೂರದ ಬೆಲ್ಟ್, ಎದೆಗೆ ಬಿಗಿದ ಬಟ್ಟೆ, ಇಷ್ಟೂ ಇಟ್ಟುಕೊಂಡು ಮೊದಲ ಅರ್ಧ ಗಂಟೆಯಲ್ಲೇ ಏರು ಹತ್ತಿಸಿದರೆ ಮಕ್ಕಳು ಅಲ್ಲೇ ಸೋತುಬಿಡುತ್ತಾರೆ. ಹೋಗುವಾಗ ಕೋಸ್ಟ್ ಟ್ರೇಲ್ ಹಿಡಿಯಿರಿ: ಹೆಚ್ಚುಕಡಿಮೆ ಸಮತಟ್ಟು, ತೊರೆಯ ಬದಿಯ ಗಿಡಮರ ದಾಟಿದ ಮೇಲೆ ಎಡಕ್ಕೆ ದಿಬ್ಬ, ಬಲಕ್ಕೆ ಸಮುದ್ರದ ಸದ್ದು. ಹತ್ತು ಮಕ್ಕಳ ಗುಂಪಿಗೆ ನಿಲ್ಲುವುದೂ ಸೇರಿ ಎರಡೂವರೆ ಗಂಟೆ ಹಿಡಿಯಿರಿ.

ಮೂರನೆಯದು, ಪ್ರತಿ ಜಾಗಕ್ಕೂ ಊಟದ ಮೇಜು ಮತ್ತು ಆಹಾರ ಇಡಲು ಲೋಹದ ಪೆಟ್ಟಿಗೆ. ಯೋಸೆಮಿಟಿಯ ಕಾಡಿನಲ್ಲಿ ಮಲಗುವವರು ಹೊರಬೇಕಾದ, ಕರಡಿಗೆ ತೆರೆಯಲಾಗದ ಆಹಾರದ ಡಬ್ಬಿ ಇಲ್ಲಿ ಬೇಕಿಲ್ಲ, ತಲಾ ಒಂದು ಕಿಲೋದಷ್ಟು ಭಾರ ಉಳಿಯಿತು. ಇಲ್ಲಿನ ಕಳ್ಳರು ರಕೂನ್‌ಗಳು. ಜಿಪ್ ಎಳೆದು ತೆಗೆಯುವುದು ಅವಕ್ಕೆ ಗೊತ್ತು. ಚ್ಯೂಯಿಂಗ್ ಗಮ್, ಲಿಪ್ ಬಾಮ್, ಡಿಯೋಡರೆಂಟ್, ತಲೆಗೆ ಹಚ್ಚುವ ಎಣ್ಣೆ, ವಾಸನೆ ಬರುವ ಎಲ್ಲವೂ ಪೆಟ್ಟಿಗೆಗೆ ಹೋಗಬೇಕು. ಸಂಜೆ ಒಮ್ಮೆ ಎಲ್ಲರ ಜೇಬನ್ನೂ ಅವರವರ ಕೈಯಿಂದಲೇ ಖಾಲಿ ಮಾಡಿಸಿ.

ಇನ್ನು ಬ್ಯಾಗ್. ಹೆಚ್ಚು ತಪ್ಪಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಎರವಲು ತಂದ ಬ್ಯಾಗ್‌ಗಳ ಮೇಲೆ ‘ಗಂಡಸರ’, ‘ಹೆಂಗಸರ’ ಎಂಬ ಚೀಟಿ ಇರುತ್ತದೆ. ಅದರ ಮೇಲೆ ಟೇಪ್ ಅಂಟಿಸಿ ಬೆನ್ನಿನ ಅಳತೆ ಬರೆಯಿರಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ನಿಲ್ಲುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಎಷ್ಟು ಸೆಂಟಿಮೀಟರ್ ಎಂಬುದೇ ಆ ಅಳತೆ. ಮಗು ಯಾರು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ಯಾಗಿಗೆ ಏಳೆಂಟು ಕಿಲೋ ತುಂಬಿ, ಎಲ್ಲ ಪಟ್ಟಿ ಸಡಿಲಿಸಿ, ಬೆನ್ನಿಗೆ ಹಾಕಿಸಿ. ಮೊದಲು ಸೊಂಟದ ಬೆಲ್ಟ್; ಅದರ ನಡು ಸೊಂಟದ ಮೂಳೆಯ ಮೇಲೇ ಕೂರಬೇಕು. ಹೊಟ್ಟೆಯ ಮೇಲೆ ಬಿದ್ದರೆ ಉಸಿರು ಕಟ್ಟುತ್ತದೆ, ಕೆಳಗಿಳಿದರೆ ಭಾರವೆಲ್ಲ ಹೆಗಲಿಗೆ. ಆಮೇಲೆ ಹೆಗಲ ಪಟ್ಟಿ, ಆಮೇಲೆ ಅದರ ಮೇಲ್ತುದಿಯ ಚಿಕ್ಕ ಪಟ್ಟಿ. ಕೊನೆಯದು ಎದೆಯ ಪಟ್ಟಿ. ಇದು ಮೇಲೆ ಕೆಳಗೆ ಜಾರುವಂಥದ್ದು. ಕೊರಳ ಮೂಳೆಗಿಂತ ಎರಡು ಬೆರಳು ಕೆಳಗೆ ತಂದು ನಿಲ್ಲಿಸಿ, ಸಡಿಲವಾಗಿಯೇ ಇರಲಿ. ಎದೆಯತ್ತ ಗಮನ ಹೋಗುವುದೇ ಹಿಂಸೆ ಅನ್ನಿಸುವ ಮಕ್ಕಳಿಗೂ, ಅಲ್ಲಿ ಶಸ್ತ್ರಚಿಕಿತ್ಸೆಯ ಗಾಯದ ಗುರುತಿರುವವರಿಗೂ ಆ ಪಟ್ಟಿ ಹಾಕದಿದ್ದರೂ ನಡೆಯುತ್ತದೆ. ಸೊಂಟದ ಬೆಲ್ಟ್ ಸರಿಯಿದ್ದರೆ ಬ್ಯಾಗ್ ಅಲುಗಾಡುವುದಿಲ್ಲ. ಇದೆಲ್ಲ ನಡೆಯುವಾಗ ಮಗುವಿನ ಮೈ ಮುಟ್ಟಬೇಡಿ. ನಿಮ್ಮ ಬ್ಯಾಗಿನ ಮೇಲೆ ತೋರಿಸಿ, ಅವರೇ ಎಳೆದುಕೊಳ್ಳಲಿ.

ಭಾರ ಮೈತೂಕದ ಐದನೇ ಒಂದು ಭಾಗ ಮೀರದಿರಲಿ. 50 ಕಿಲೋದ ಮಗುವಿಗೆ ಲೆಕ್ಕ ಹೀಗೆ: ಖಾಲಿ ಬ್ಯಾಗ್ 1.6 ಕಿಲೋ, ಸ್ಲೀಪಿಂಗ್ ಬ್ಯಾಗ್ 1.2, ಚಾಪೆ ಅರ್ಧ, ಟೆಂಟಿನ ಪಾಲು 1.2, ಬಟ್ಟೆ 1.5, ಆಹಾರದ ಪಾಲು 1.5, ನೀರು 2. ಒಟ್ಟು ಒಂಬತ್ತೂವರೆ. ಇದಕ್ಕೆ ಅರ್ಧ ಕಿಲೋದ ಹತ್ತಿಯ ಹೂಡಿ (ಟೊಪ್ಪಿಗೆ ಇರುವ ಸ್ವೆಟ್‌ಶರ್ಟ್) ಸೇರಿತೆಂದರೆ ಮಿತಿ ಮುಟ್ಟಿತು. ಅಷ್ಟಕ್ಕೂ ಹತ್ತಿ ಇಲ್ಲಿಗೆ ಆಗದು: ಬೇಸಿಗೆಯಲ್ಲಿ ಸಮುದ್ರದ ಮಂಜು ಸಂಜೆಯಿಂದ ಬೆಳಗಿನವರೆಗೂ ಕೂತಿರುತ್ತದೆ, ಒದ್ದೆಯಾದ ಹೂಡಿ ಮಾರನೆಯ ದಿನ ಮಧ್ಯಾಹ್ನವಾದರೂ ಒಣಗುವುದಿಲ್ಲ. ದುಬಾರಿ ಜಾಕೆಟ್ ಬೇಕಿಲ್ಲ, ಶಾಲೆಯ ಫುಟ್‌ಬಾಲ್ ಜೆರ್ಸಿ ಮತ್ತು ಫ್ಲೀಸ್ ಸಾಕು.

ಬೈಂಡರ್ ಬಗ್ಗೆ ಲೀಡರ್‌ಗಳು ಮಾತೆತ್ತಲು ಹಿಂಜರಿಯುತ್ತಾರೆ. ಹಿಂಜರಿಯಬೇಡಿ, ಹಿಂದಿನ ವಾರದ ಸಭೆಯಲ್ಲಿ ಎಲ್ಲರಿಗೂ ಸೇರಿಸಿ ಹೇಳಿ: ಎದೆ ಬಿಗಿಯುವ ಬಟ್ಟೆ ಪಕ್ಕೆಲುಬು ಹಿಗ್ಗದಂತೆ ತಡೆಯುತ್ತದೆ, ಬ್ಯಾಗ್ ಹೊತ್ತು ಏರುವಾಗ ಬೇಕಾದ ಉಸಿರು ಸಿಗುವುದಿಲ್ಲ. ನಡೆಯುವಾಗ ಸ್ಪೋರ್ಟ್ಸ್ ಬ್ರಾ ಮೇಲೆ ದೊಗಲೆ ಅಂಗಿ, ಕ್ಯಾಂಪ್ ತಲುಪಿದ ಮೇಲೆ ಬೇಕಾದರೆ ಬೈಂಡರ್, ದಿನಕ್ಕೆ ಎಂಟು ಗಂಟೆಯೊಳಗೆ, ಮಲಗುವಾಗ ಖಂಡಿತ ಬೇಡ. ಉಬ್ಬಸ ಇರುವವರ ಜೊತೆ ಇದನ್ನು ಬೇರೆಯಾಗಿ ಮಾತನಾಡಿ. ಮಗು ‘ಇಲ್ಲ, ಹಾಕಿಕೊಂಡೇ ನಡೆಯುತ್ತೇನೆ’ ಅಂದರೆ ಜಗಳ ಬೇಡ. ಅವರ ಬ್ಯಾಗಿನ ನೀರು ಮತ್ತು ಟೆಂಟಿನ ಪಾಲು ನಿಮ್ಮ ಬ್ಯಾಗಿಗೆ ಬರಲಿ, ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿ.

ಚರ್ಮ, ಕೂದಲು, ಪ್ರಥಮ ಚಿಕಿತ್ಸೆ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದ ಮೇಲೆ ಇರುವುದರಿಂದ ಇಲ್ಲಿ ಪಾಠ ಪಡೆದ ಲೀಡರ್‌ಗಳೂ ತಪ್ಪುತ್ತಾರೆ. ಪಾಯಿಂಟ್ ರೇಯ್ಸ್‌ನಲ್ಲಿ ಪಾಯಿಸನ್ ಓಕ್ ಧಾರಾಳ, ಮುಟ್ಟಿದರೆ ತುರಿಸುವ ದದ್ದು ಏಳಿಸುವ ಗಿಡ. ಮೂರು ಎಲೆಯ ಗೊಂಚಲು, ದಾರಿಗೇ ಚಾಚಿಕೊಂಡಿರುತ್ತದೆ. ಕಪ್ಪು ಚರ್ಮದ ಮೇಲೆ ಇದರ ದದ್ದು ಕೆಂಪಾಗಿ ಕಾಣದೆ ನೇರಳೆಯಾಗಿ, ಕಡುಗಂದಾಗಿ ಕಾಣಬಹುದು. ಉಣುಗು ಕಚ್ಚಿ ಲೈಮ್ ಕಾಯಿಲೆ ಬಂದಾಗ ಮೂಡುವ ವೃತ್ತವೂ ಕೆಂಪಾಗಿ ಎದ್ದು ಕಾಣದೆ ಹಳೆಯ ಪೆಟ್ಟಿನ ಕಲೆಯಂತೆ ಕಾಣುತ್ತದೆ, ಕಣ್ಣು ತಪ್ಪುತ್ತದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣುಗು ಎಷ್ಟು ಸಣ್ಣದಿರುತ್ತದೆ ಎಂದು ಹೇಳಬೇಕಾಗಿಲ್ಲ. ಪ್ರತಿ ಸಂಜೆ ಮಕ್ಕಳು ಟೆಂಟಿನೊಳಗೆ ತಾವೇ ಮೊಣಕಾಲ ಹಿಂಭಾಗ, ತೊಡೆಸಂದು, ಕಂಕುಳು, ಕೂದಲ ಅಂಚು ಬೆರಳಾಡಿಸಿ ನೋಡಿಕೊಳ್ಳಲಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಚಳಿಗೋ ಉಬ್ಬಸಕ್ಕೋ ಮೈ ನೀಲಿಗಟ್ಟಿದೆಯೇ ಎಂದು ತುಟಿಯ ಒಳಭಾಗ, ವಸಡು, ಅಂಗೈ ನೋಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದ ಮೇಲೆ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಅದೊಂದನ್ನೇ ನೆಚ್ಚಬೇಡಿ. ಸಾಮಾನಿನ ಪಟ್ಟಿಯಲ್ಲಿ ಮಲಗುವಾಗ ಕೂದಲಿಗೆ ಹಾಕುವ ಸ್ಯಾಟಿನ್ ಬಾನೆಟ್, ಪಗಡಿಯ ಮೇಲೂ ಕೂರುವಷ್ಟು ಉದ್ದ ಪಟ್ಟಿಯ ಹೆಡ್ ಟಾರ್ಚ್, ಮುಖಕ್ಕೆ ಬಿಳಿ ಬಳಿಯದ ಸನ್‌ಸ್ಕ್ರೀನ್ ಬರೆದಿದ್ದರೆ, ಈ ಟ್ರೆಕ್ ತಮಗೂ ಸೇರಿದ್ದು ಎಂದು ಮಕ್ಕಳಿಗೆ ಆ ಕಾಗದದಲ್ಲೇ ಗೊತ್ತಾಗುತ್ತದೆ.

ಟೆಂಟ್ ಹಂಚಿಕೆ ಗಂಡು, ಹೆಣ್ಣು ಲೆಕ್ಕದಲ್ಲಿ ಬೇಡ. ಯಾರ ಜೊತೆ ಮಲಗಲು ಸರಿ, ಯಾರ ಜೊತೆ ಬೇಡ, ಒಂಟಿಯಾಗಿ ಬೇಕೇ ಎಂದು ಚೀಟಿಯಲ್ಲಿ ಗುಟ್ಟಾಗಿ ಬರೆಸಿಕೊಳ್ಳಿ. ಹತ್ತು ಮಕ್ಕಳಿಗೆ ಮೂವರು ಮಲಗುವ ಟೆಂಟ್ ಮೂರು, ಒಬ್ಬರದು ಎರಡು ಒಯ್ದರೆ ಹಂಚಿಕೆಗೆ ಅವಕಾಶ ಇರುತ್ತದೆ. ದೊಡ್ಡವರು ಮಕ್ಕಳ ಟೆಂಟಿನಲ್ಲಿ ಮಲಗಬಾರದು, ಒಬ್ಬ ಲೀಡರ್ ಒಂದು ಮಗು ಮಾತ್ರ ಎಂಬ ಸ್ಥಿತಿ ಎಲ್ಲೂ ಬರಬಾರದು. ಮೂವರು ಲೀಡರ್ ಇರಲಿ. ಒಬ್ಬರು ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಬೇಕಾದರೂ ಇಬ್ಬರು ಉಳಿಯುತ್ತಾರೆ. ಕ್ಯಾಂಪಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಸ್ಯಾಟಲೈಟ್ ಸಾಧನ ಕಡ್ಡಾಯ.

ಹೆಸರಿನ ವಿಷಯದಲ್ಲಿ ಎರಡು ಕಾಗದ ಬೇಕು. ಆಸ್ಪತ್ರೆ ಮತ್ತು ವಿಮೆಗೆ ಬೇಕಾದ ದಾಖಲೆಯ ಹೆಸರು ಮುಚ್ಚಿದ ಲಕೋಟೆಯಲ್ಲಿ, ಒಬ್ಬ ಲೀಡರ್ ಬಳಿ ಮಾತ್ರ. ಹಾಜರಿ ಕೂಗುವ ಪಟ್ಟಿಯಲ್ಲಿ ಮಗು ಬಯಸಿದ ಹೆಸರು. ಮೂರನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು: ‘ಮನೆಗೆ ಫೋನ್ ಮಾಡಿದರೆ ಯಾವ ಹೆಸರು ಹೇಳಲಿ?’ ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಮಗುವಿನ ಗುಟ್ಟು ಲೀಡರ್ ಬಾಯಿಂದ ಒಡೆಯಬಾರದು. ಕನ್ನಡದ ಅಪ್ಪ ಅಮ್ಮನ ಜೊತೆ ಮಾತನಾಡುವಾಗ ಭಾಷೆಯೇ ಕೈಹಿಡಿಯುತ್ತದೆ. ‘ಮಕ್ಕಳೆಲ್ಲ ಚೆನ್ನಾಗಿದಾರೆ ಆಂಟಿ, ಊಟ ಆಯ್ತು, ಮಲಗಿದಾರೆ’ ಅಂದರೆ ಅವನು, ಅವಳು ಎರಡೂ ಬರಲಿಲ್ಲ, ಸುಳ್ಳೂ ಹೇಳಲಿಲ್ಲ. ಹಾರ್ಮೋನ್ ಔಷಧ ಇದ್ದರೆ ಮೂಲ ಡಬ್ಬಿಯಲ್ಲೇ ಬರಲಿ, ಚುಚ್ಚುಮದ್ದಾದರೆ ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಜೊತೆಗಿರಲಿ. ವಾರಕ್ಕೊಮ್ಮೆ ತೆಗೆದುಕೊಳ್ಳುವವರು ಟ್ರೆಕ್‌ನ ಹಿಂದಿನ ಅಥವಾ ಮುಂದಿನ ದಿನಕ್ಕೆ ಹೊಂದಿಸಬಹುದೇ ಎಂದು ತಮ್ಮ ಡಾಕ್ಟರನ್ನು ಕೇಳಿಕೊಂಡು ಬರಲಿ.

ಊಟ ಸುಲಭ. ಹದಿಮೂರು ಜನಕ್ಕೆ ಒಂದು ರಾತ್ರಿಗೆ ಅಕ್ಕಿ 1.3 ಕಿಲೋ, ಹೆಸರುಬೇಳೆ 650 ಗ್ರಾಂ. ತೊಗರಿಬೇಳೆ ಬೇಡ, ಕುಕ್ಕರ್ ಇಲ್ಲದೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ. ಬೆಳಿಗ್ಗೆಗೆ ಒಂದು ಕಿಲೋ ಅವಲಕ್ಕಿ ಮತ್ತು ಮನೆಯಿಂದ ತಂದ ಗೊಜ್ಜು, ಒಲೆಯೇ ಬೇಡ. ಎರಡು ಗ್ಯಾಸ್ ಒಲೆ, 230 ಗ್ರಾಂನ ನಾಲ್ಕು ಕ್ಯಾನ್, ಗಾಳಿಗೆ ಮರೆ. ಮರೆ ಇಲ್ಲದಿದ್ದರೆ ಇಲ್ಲಿ ನೀರು ಕುದಿಯುವುದೇ ಇಲ್ಲ. ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತದೆ, ಮುಸ್ಲಿಂ ಮತ್ತು ಸಸ್ಯಾಹಾರಿ ಮಕ್ಕಳಿಗಾಗಿ ಜೆಲಟಿನ್ ಇಲ್ಲದ್ದನ್ನೇ ಎಲ್ಲರಿಗೂ ತನ್ನಿ. ನಲ್ಲಿಯಿದೆ, ಆದರೆ ಕೆಲವೊಮ್ಮೆ ‘ಕುಡಿಯಲು ಯೋಗ್ಯವಲ್ಲ’ ಎಂಬ ಫಲಕ ಬೀಳುತ್ತದೆ. ಹೊರಡುವ ಮುನ್ನ ವಿಚಾರಿಸಿ, ಫಿಲ್ಟರ್ ಒಯ್ಯಿರಿ.

ಕ್ಯಾಂಪಿನಲ್ಲಿ ಸೌದೆ ಬೆಂಕಿ ನಿಷಿದ್ಧ. ಸಮುದ್ರದ ದಂಡೆಯಲ್ಲಿ ಪರ್ಮಿಟ್ ಪಡೆದು, ದಡಕ್ಕೆ ಬಂದು ಬಿದ್ದ ಕಟ್ಟಿಗೆಯಿಂದ ಸಣ್ಣ ಬೆಂಕಿ ಹಾಕಬಹುದು. ನೀರು ಸುರಿದೇ ಆರಿಸಿ. ಮರಳು ಮುಚ್ಚಿದರೆ ಕೆಂಡ ಗಂಟೆಗಟ್ಟಲೆ ಉಳಿದು ಬರಿಗಾಲಿನವರನ್ನು ಸುಡುತ್ತದೆ. ಅಲೆಗಳಿಗೆ ಬೆನ್ನು ತಿರುಗಿಸಬಾರದು. ಹತ್ತಾರು ಸಣ್ಣ ಅಲೆಗಳ ನಂತರ ಒಂದು ದೊಡ್ಡದು ಮೇಲಕ್ಕೆ ನುಗ್ಗುತ್ತದೆ, ನೀರು ಕೊರೆಯುವಷ್ಟು ತಣ್ಣಗೆ. ಈಜಾಟ ಬೇಡ.

ಕೊರತೆಗಳು: ನೆರಳಿಲ್ಲ, ಗಾಳಿಗೆ ಅಡ್ಡ ಕುರುಚಲು ಗಿಡ ಮಾತ್ರ. ಗುಂಪಿಗೆ ಜಾಗ ಎರಡೇ, ಒಂದೊಂದಕ್ಕೆ 25 ಜನರ ಮಿತಿ. ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್ ಜಾಲತಾಣದಲ್ಲಿ ಮೂರು ತಿಂಗಳ ಮುಂಚೆ ತೆರೆಯುತ್ತದೆ, ವಾರಾಂತ್ಯಗಳು ಬಹಳ ಬೇಗ ಮುಗಿಯುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಂಜು ಕಡಿಮೆ, ಭಾನುವಾರದಿಂದ ಮಂಗಳವಾರದವರೆಗೆ ಸಿಗುವ ಸಾಧ್ಯತೆ ಹೆಚ್ಚು. ಹಣ ಪಡೆದು ಕರೆದೊಯ್ಯುವುದಾದರೆ ಪಾರ್ಕಿನ ಬೇರೆ ಅನುಮತಿ ಬೇಕು. ಕೋಸ್ಟ್ ಸಿಗದಿದ್ದರೆ ಸ್ಕೈ ನೋಡಿ, ಗುಂಪಿನ ಜಾಗ ಒಂದಿದೆ. ವೈಲ್ಡ್‌ಕ್ಯಾಟ್ ದೂರ, ಎರಡನೇ ಟ್ರೆಕ್‌ಗೆ ಇಟ್ಟುಕೊಳ್ಳಿ. ಗ್ಲೆನ್‌ನಲ್ಲಿ ಗುಂಪಿಗೆ ಜಾಗವೇ ಇಲ್ಲ.

ಮನೆಗೆ ವಾಪಸ್ ಹೊರಡುವ ಬೆಳಿಗ್ಗೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಉಗುರಿಗೆ ಬಣ್ಣ ಹಚ್ಚಿಕೊಂಡ, ಬೇರೆ ಬಟ್ಟೆ ತೊಟ್ಟ ಮಕ್ಕಳಲ್ಲಿ ಕೆಲವರು ಮನೆಯವರ ಕಾರು ಬರುವ ಮುನ್ನ ಮೊದಲಿನಂತಾಗಬೇಕಿರುತ್ತದೆ. ನೇಲ್ ಪಾಲಿಶ್ ತೆಗೆಯುವ ಒದ್ದೆ ಬಟ್ಟೆಯ ಒಂದು ಪೊಟ್ಟಣವನ್ನು ಪ್ರಥಮ ಚಿಕಿತ್ಸೆಯ ಚೀಲದಲ್ಲೇ ಇಡಿ, ಯಾರೂ ಕೇಳದೆ ತೆಗೆದುಕೊಳ್ಳುವಂತೆ. ಅದನ್ನು ಶೌಚಾಲಯದ ಗುಂಡಿಗೆ ಹಾಕದೆ ಕಸದ ಚೀಲದಲ್ಲಿ ವಾಪಸ್ ತರಬೇಕು.