ಕ್ಲಿನಿಕ್ ವೈಟ್ನಿಂಗಾ, ಮನೆಯ ಟ್ರೇನಾ? ಜುಮ್ ಎನ್ನುವ ಹಲ್ಲಿನವರಿಗೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಹಲ್ಲು ಬೆಳ್ಳಗೆ ಮಾಡಿಸಲು ನನ್ನ ಓಟು, ಜೆಲ್ ತುಂಬಿ ರಾತ್ರಿ ಮನೆಯಲ್ಲೇ ಹಲ್ಲಿಗೆ ಹಾಕಿಕೊಳ್ಳುವ ಟ್ರೇಗೆ. ಕ್ಲಿನಿಕ್‌ನಲ್ಲಿ ಒಂದೇ ಸಲಕ್ಕೆ ಮುಗಿಸುವ ವೈಟ್ನಿಂಗ್‌ಗೆ 9,000 ರೂಪಾಯಿ ಕೊಟ್ಟು, ಎರಡು ರಾತ್ರಿ ನಿದ್ದೆಗೆಟ್ಟವಳು ನಾನು. ಒಂದು ವರ್ಷ ಬಿಟ್ಟು ಅದೇ ಹಲ್ಲಿಗೆ ಟ್ರೇ ಹಾಕಿಸಿಕೊಂಡೆ.

ನಮ್ಮದು ಕೊಡಗಿನ ಸುಂಟಿಕೊಪ್ಪ. ದಿನಕ್ಕೆ ನಾಲ್ಕೈದು ಲೋಟ ಬೆಲ್ಲದ ಕಾಫಿ ಬೇಕೇ ಬೇಕು. ವರ್ಷಗಟ್ಟಲೆ ಕುಡಿದ ಕಾಫಿ ಹಲ್ಲಿನ ಮೇಲೆ ಕಂದಾಗಿ ಕೂತಿತ್ತು. ಡಿಸೆಂಬರ್‌ನಲ್ಲಿ ಅಣ್ಣನ ಮಗಳ ಮದುವೆ. ಹಿಂದಿನ ದಿನವೇ ಮಡಿಕೇರಿಯ ಒಂದು ಕ್ಲಿನಿಕ್‌ಗೆ ಹೋದೆ. ವಸಡು ಸುಡದಿರಲಿ ಅಂತ ಅದರ ಮೇಲೆ ಅಂಟಿನಂಥದ್ದು ಹಚ್ಚಿ, ಲೈಟ್ ಹಿಡಿದು ಗಟ್ಟಿ ಮಾಡಿದರು. ಆಮೇಲೆ ಹಲ್ಲಿಗೆ ಬಣ್ಣ ತೆಗೆಯುವ 35 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಜೆಲ್. 15 ನಿಮಿಷದ ಹಾಗೆ ಮೂರು ಸಲ. ಕನ್ನಡಿ ನೋಡಿದರೆ ನಿಜಕ್ಕೂ ಬೆಳ್ಳಗಾಗಿತ್ತು, ಅದನ್ನು ಇಲ್ಲ ಎನ್ನಲಾರೆ.

ತೊಂದರೆ ಶುರುವಾಗಿದ್ದು ಸ್ಕೂಟರ್‌ನಲ್ಲಿ ವಾಪಸ್ ಬರುವಾಗ. ಡಿಸೆಂಬರ್ ಸಂಜೆಯ ಮಂಜು, ಎದುರು ಗಾಳಿ. ತುಟಿ ಸ್ವಲ್ಪ ತೆರೆದರೆ ಸಾಕು, ಮೇಲಿನ ಕೋರೆಹಲ್ಲಿನಿಂದ ಕಣ್ಣಿನ ಕೆಳಗಿನ ತನಕ ಚುಳ್ ಅಂತ ಎಳೆಯುತ್ತಿತ್ತು. ಮಫ್ಲರ್ ಅನ್ನು ಬಾಯಿಗೆ ಬಿಗಿದುಕೊಂಡು ಮನೆ ಸೇರಿದೆ.

ರಾತ್ರಿ ಇನ್ನೂ ಜಾಸ್ತಿ. ಏನೂ ತಾಗದೆ, ಸುಮ್ನೆ ಮಲಗಿದ್ದಾಗಲೂ ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಹಲ್ಲು ಜುಮ್ ಎನ್ನುತ್ತಿತ್ತು. ಬೆಳಗ್ಗೆ ನಲ್ಲಿ ನೀರು ಬಾಯಿಗೆ ಹಾಕಿದ ತಕ್ಷಣ ಕಣ್ಣಲ್ಲಿ ನೀರು ಬಂತು. ಹಲ್ಲುಜ್ಜಲು ನೀರು ಬೆಚ್ಚಗೆ ಮಾಡಿಕೊಂಡೆ. ಮದುವೆ ಮನೆಯಲ್ಲಿ ಪಂದಿಕರಿ ಎಲೆಗೆ ಬಂದಾಗ ಬೇಡ ಎಂದೆ. 48 ಗಂಟೆ ಬಣ್ಣದ್ದು, ಹುಳಿಯದ್ದು ತಿನ್ನಬೇಡಿ ಎಂದಿದ್ದರು. ಪಂದಿಕರಿಗೆ ಹಾಕುವ ಕಾಚಂಪುಳಿ ಕಪ್ಪೂ ಹೌದು, ಹುಳಿಯೂ ಹೌದು. ಅಕ್ಕಿತರಿಯ ಉಂಡೆ ಕಡಂಬುಟ್ಟು ಬೆಳ್ಳಗಿರುವುದರಿಂದ ಅದೊಂದೇ ತಿಂದು ಎದ್ದೆ. "ಏನಮ್ಮಾ, ಹುಷಾರಿಲ್ವಾ?" ಅಂತ ಅತ್ತೆ ಮೂರು ಸಲ ಕೇಳಿದರು.

ಮೂರನೇ ದಿನಕ್ಕೆ ನೋವು ಇಳಿಯಿತು. ಆದರೆ ಹತ್ತು ದಿನದಲ್ಲಿ ಬಿಳುಪೂ ಒಂದಿಷ್ಟು ಇಳಿಯಿತು. ಚಿಕಿತ್ಸೆಯ ಹೊತ್ತಿಗೆ ಹಲ್ಲಿನ ತೇವ ಆರಿರುತ್ತದೆ, ಅದಕ್ಕೇ ಮೊದಲ ದಿನ ಅಷ್ಟು ಬೆಳ್ಳಗೆ ಕಾಣುವುದು. ತೇವ ಮರಳಿದಾಗ ನಿಜವಾದ ಬಣ್ಣ ತಿಳಿಯುತ್ತದೆ. ಇದನ್ನು ನನಗೆ ಹೇಳಿದ್ದು, ಒಂದು ವರ್ಷದ ಮೇಲೆ ಟ್ರೇಗೆ ಅಂತ ಹೋದಾಗ ನೋಡಿದ ಎರಡನೇ ಡಾಕ್ಟರ್.

ಅವರು ಕುಶಾಲನಗರದವರು. ಜೆಲ್ ಮಾತೆತ್ತುವ ಮುಂಚೆ ವಸಡು ನೋಡಿದರು. "ಮೇಡಂ, ಈ ಎರಡು ಕೋರೆಹಲ್ಲಿನ ಹತ್ತಿರ ವಸಡು ಹಿಂದೆ ಸರಿದಿದೆ, ಬೇರು ಕಾಣ್ತಿದೆ. ಇಲ್ಲೇ ಅಲ್ವಾ ಜುಮ್ ಅಂದಿದ್ದು?" ಎಂದರು. ಬೇರಿನ ಮೇಲೆ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಇರುವುದಿಲ್ಲ. ಎನಾಮಲ್ ಇದ್ದ ಕಡೆಯೂ ಪೆರಾಕ್ಸೈಡ್ ಒಳಗಿಳಿದು ನರದ ತನಕ ಹೋಗುತ್ತದಂತೆ, ಬೇರು ತೆರೆದಿದ್ದರೆ ಕೇಳಬೇಕೆ. ಮೊದಲ ಕ್ಲಿನಿಕ್‌ನಲ್ಲಿ ಯಾರೂ ನನ್ನನ್ನು "ತಣ್ಣೀರು ಕುಡಿದರೆ ಜುಮ್ ಅನ್ನುತ್ತಾ?" ಅಂತ ಒಂದು ಮಾತು ಕೇಳಿರಲಿಲ್ಲ. ನನಗೆ ಇವತ್ತಿಗೂ ಬೇಜಾರು ಅದೇ.

ಇವರು ಮೊದಲು ಹಲ್ಲು ಕ್ಲೀನ್ ಮಾಡಿ, ಒಂದು ಸಣ್ಣ ಹುಳುಕು ತುಂಬಿದರು. 5 ಪರ್ಸೆಂಟ್ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್‌ನಲ್ಲಿ ಎರಡು ವಾರ ಉಜ್ಜಿಸಿದರು. ಅದು ನರವನ್ನು ಶಾಂತ ಮಾಡುತ್ತದೆ, ಆದರೆ ಒಂದೆರಡು ದಿನದಲ್ಲಿ ಗುಣ ಕಾಣುವುದಿಲ್ಲ. ಆಮೇಲೆ ಹಲ್ಲಿನ ಅಳತೆ ತೆಗೆದು ತೆಳು ಪ್ಲಾಸ್ಟಿಕ್ ಟ್ರೇ ಮಾಡಿಕೊಟ್ಟರು. ಜೆಲ್ 10 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್. ಹೈಡ್ರೋಜನ್ ಪೆರಾಕ್ಸೈಡ್ ಲೆಕ್ಕದಲ್ಲಿ ಅದು ಸುಮಾರು 3.5 ಪರ್ಸೆಂಟ್ ಅಷ್ಟೇ. ಟ್ರೇ, ಜೆಲ್ ಸೇರಿ 6,000 ರೂಪಾಯಿ.

ಮಲಗುವ ಮುಂಚೆ ಟ್ರೇಯಲ್ಲಿ ಒಂದೊಂದು ಹಲ್ಲಿನ ಗುಳಿಗೂ ಅಕ್ಕಿಕಾಳಿನಷ್ಟು ಜೆಲ್ ಇಟ್ಟು ಹಾಕಿಕೊಳ್ಳುತ್ತಿದ್ದೆ. ವಸಡಿನ ಮೇಲೆ ಉಕ್ಕಿದ್ದನ್ನು ಬೆರಳಲ್ಲಿ ಒರೆಸುತ್ತಿದ್ದೆ. ನಾಲ್ಕನೇ ರಾತ್ರಿ ಅದೇ ಕೋರೆಹಲ್ಲು ಮತ್ತೆ ಜುಮ್ ಎಂದಿತು. ಟ್ರೇ ತೆಗೆದು ಬಾಯಿ ತೊಳೆದು ಮಲಗಿದೆ. ಮಾರನೇ ರಾತ್ರಿ ಜೆಲ್ ಬದಲು, ಡಾಕ್ಟರ್ ಹೇಳಿದ್ದ ಹಾಗೆ ಅದೇ ಪೇಸ್ಟನ್ನು ಟ್ರೇಗೆ ಹಾಕಿ ಅರ್ಧ ಗಂಟೆ ಇಟ್ಟುಕೊಂಡೆ. ಅಲ್ಲಿಂದ ಮುಂದೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಎರಡು ವಾರದ ಕೆಲಸ ಮೂರೂವರೆ ವಾರ ಹಿಡಿಯಿತು. ಹಿಡಿಯಲಿ ಬಿಡಿ. ಕ್ಲಿನಿಕ್ ಜೆಲ್ ಒಳಗಿಳಿದ ಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ನೋವು ಬಂದ ಕ್ಷಣ ನಿಲ್ಲಿಸಬಹುದಿತ್ತು.

ಉಳಿದದ್ದು ಚುಟುಕಾಗಿ. ಬಣ್ಣ ಎರಡರಲ್ಲೂ ಕೊನೆಗೆ ಹೆಚ್ಚುಕಡಿಮೆ ಒಂದೇ. ಕ್ಯಾಪ್ ಹಾಕಿದ ಹಲ್ಲು, ಹಲ್ಲಿನ ಬಣ್ಣದ ಫಿಲ್ಲಿಂಗ್ ಎರಡರಲ್ಲೂ ಬೆಳ್ಳಗಾಗುವುದಿಲ್ಲ. ಆನ್‌ಲೈನ್ ಕಿಟ್ ಬೇಡವೇ ಬೇಡ, ವಸಡು ನೋಡುವವರು ಯಾರು?

ವಸಡು ಗಟ್ಟಿಯಿದ್ದು, ಐಸ್‌ಕ್ರೀಂ ಕಚ್ಚಿ ತಿನ್ನುವವರು, ಒಂದೇ ದಿನದಲ್ಲಿ ಮುಗಿಯಬೇಕು ಅನ್ನುವವರು ಕ್ಲಿನಿಕ್ ವೈಟ್ನಿಂಗ್ ಮಾಡಿಸಿಕೊಳ್ಳಲಿ. ನಾನಂತೂ ಕಾಫಿ ಬಿಡುವವಳಲ್ಲ, ಬಣ್ಣ ಮತ್ತೆ ಬರುತ್ತದೆ. ಪ್ರತಿ ಸಲ 9,000 ಕೊಡಲು ಆಗುವುದಿಲ್ಲ. ಟ್ರೇ ಮನೆಯಲ್ಲೇ ಇದೆ, ಡಾಕ್ಟರನ್ನು ಕೇಳಿ ಜೆಲ್ ಮಾತ್ರ ತಂದರಾಯಿತು. ಈ ಸಲ ಹುತ್ತರಿ ಹಬ್ಬಕ್ಕೆ ಮುಂಚೆ ಮೂರು ರಾತ್ರಿ ಹಾಕಿದೆ, ಸಾಕಾಯಿತು.