ಊರು ಬಿಟ್ಟ ಮೇಲೆ ಟ್ರೇಲರ್ ಸ್ಪ್ರಿಂಗ್ ಮುರಿದರೆ ಹಳೆ ಯು-ಬೋಲ್ಟ್ ಹಾಕಿಸಿಕೊಳ್ಳಬೇಡಿ

ಟ್ರೇಲರ್ ಎಳೆದುಕೊಂಡು ದೂರ ಹೋಗುವವರು ದಯವಿಟ್ಟು ಇದನ್ನು ಓದಿ. ನನಗಾದದ್ದು ನಿಮಗೆ ಆಗಬಾರದು.

ನಮ್ಮದು ಎರಡು ಆಕ್ಸಲ್‌ನ ಟ್ರೇಲರ್. ಮನೆಯಿಂದ ಹೊರಟ ಮೂರನೇ ದಿನ ರಸ್ತೆಗುಂಡಿಯೊಂದಕ್ಕೆ ಚಕ್ರ ಇಳಿಯಿತು, ಎಡಗಡೆ ಠಣ್ ಅಂತ ಶಬ್ದ ಬಂತು. ನಿಲ್ಲಿಸಿ ನೋಡಿದರೆ ಮುಂದಿನ ಚಕ್ರ ಹಿಂದಿನದರ ಕಡೆ ಸರಿದಿತ್ತು. ಎರಡು ಟೈರ್ ನಡುವೆ ಅಂಗೈ ತೂರುತ್ತಿದ್ದ ಜಾಗದಲ್ಲಿ ಈಗ ಎರಡು ಬೆರಳಷ್ಟೇ ಹಿಡಿಯುತ್ತಿತ್ತು. ಪಟ್ಟೆ ಸ್ಪ್ರಿಂಗ್‌ನ ಮೇನ್ ಪ್ಲೇಟ್ ಮುಂದಿನ ಕಣ್ಣಿನ (ಬೋಲ್ಟ್ ತೂರುವ ತುದಿಯ ಸುರುಳಿ) ಹತ್ತಿರ ಕಟ್ಟಾಗಿತ್ತು. ಮುರಿದ ಜಾಗದಲ್ಲಿ ಅರ್ಧ ತುಕ್ಕು, ಅರ್ಧ ಹೊಳಪು. ಅಂದರೆ ಬಿರುಕು ಎಷ್ಟೋ ದಿನದಿಂದ ಇತ್ತು, ನಾನು ಬಗ್ಗಿ ನೋಡಿರಲಿಲ್ಲ.

ಫೋನ್ ಮಾಡಿದೆ, ರಿಪೇರಿಯವರು ಬಂದರು. ಬಂದವರೇ ಜಾಕ್ ಅನ್ನು ಆಕ್ಸಲ್ ಮಧ್ಯಕ್ಕೆ ಕೊಟ್ಟು ಎತ್ತಿದರು. ನನಗೆ ಸರಿ ಅನ್ನಿಸಲಿಲ್ಲ, ಆದರೂ ಸುಮ್ಮನಿದ್ದೆ. ಟ್ರೇಲರ್ ಆಕ್ಸಲ್ ಒಳಗೆ ಟೊಳ್ಳು ಕೊಳವೆ. ಅಲ್ಲಿ ಎತ್ತಿದರೆ ಬಾಗಬಹುದು, ಬಾಗಿದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಜಾಕ್ ಕೊಡಬೇಕಾದದ್ದು ಚಾಸಿಗೆ, ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗ್ ತೂಗುಹಾಕಲು ಚಾಸಿಗೆ ಕೂಡಿಸಿದ ಹಿಡಿಕೆ) ಪಕ್ಕದಲ್ಲಿ. ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಯಾರನ್ನೂ ಕೆಳಗೆ ಬಿಡಬೇಡಿ.

ಅವರು ತಂದ ಸ್ಪ್ರಿಂಗ್‌ನ ಉದ್ದ ಸರಿಯಿತ್ತು. ಆದರೆ ನಮ್ಮದರಲ್ಲಿ ನಾಲ್ಕು ಪ್ಲೇಟ್, ಅದರಲ್ಲಿ ಐದು. "ಜಾಸ್ತಿ ಗಟ್ಟಿ, ಒಳ್ಳೇದೇ ಅಲ್ವಾ" ಅಂದರು. ಕೊನೆಗೆ ಬಿಚ್ಚಿದ ಹಳೆ ಯು-ಬೋಲ್ಟ್‌ಗಳನ್ನೇ, ಅಂದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟಿ ಹಿಡಿಯುವ U ಆಕಾರದ ಬೋಲ್ಟ್‌ಗಳನ್ನೇ, ಮತ್ತೆ ಬಿಗಿದರು. ಕತ್ತಲಾಗುತ್ತಿತ್ತು, ಮಕ್ಕಳು ಹಸಿದಿದ್ದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದೇ ನನ್ನ ದೊಡ್ಡ ತಪ್ಪು.

ಯು-ಬೋಲ್ಟ್ ಒಮ್ಮೆ ಬಿಗಿದಾಗಲೇ ಹಿಗ್ಗಿರುತ್ತದೆ. ಬಿಚ್ಚಿ ಮತ್ತೆ ಬಿಗಿದರೆ ಮೊದಲಿನ ಹಿಡಿತ ಸಿಗುವುದಿಲ್ಲ. ಸುಮಾರು 70 ಕಿ.ಮೀ. ಹೋಗುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು. ನಟ್‌ಗಳು ಕೈಯಲ್ಲೇ ತಿರುಗುವಷ್ಟು ಸಡಿಲ. ಆಕ್ಸಲ್ ಓರೆಯಾಗಿ ಟೈರ್‌ಗಳು ಒಂದಕ್ಕೊಂದು ಉಜ್ಜಿ, ಪಕ್ಕದಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಆ ವೇಗದಲ್ಲಿ ಅದು ಒಡೆದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ನೆನಪಾಗುತ್ತದೆ.

ಮುಂದಿನ ಊರಿನ ಗ್ಯಾರೇಜಿನವರು ಎರಡೂ ಕಡೆ ಜೋಡಿ ಸ್ಪ್ರಿಂಗ್, ಹೊಸ ಯು-ಬೋಲ್ಟ್ ಹಾಕಿದರು. ಅವರು ನನಗೊಂದು ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಜೋಡಿಸುವ ಕೊಂಡಿ ಪಟ್ಟಿ) ತೋರಿಸಿದರು. ಬೋಲ್ಟ್ ಸುತ್ತ ಇರುವ ನೈಲಾನ್ ಬುಷ್ (ತೋಳು) ಪೂರ್ತಿ ಸವೆದು, ಬೋಲ್ಟ್ ಕಬ್ಬಿಣವನ್ನೇ ತಿಂದು, ದುಂಡಗಿದ್ದ ತೂತು ಮೊಟ್ಟೆಯಾಕಾರ ಆಗಿತ್ತು. ಹ್ಯಾಂಗರ್‌ನ ತೂತು ಕೂಡ ಹಾಳಾಗಿತ್ತು. ಈ ಬೋಲ್ಟ್‌ಗಳ ಕುತ್ತಿಗೆಯಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಅವು ಹ್ಯಾಂಗರ್ ಅನ್ನು ಕಚ್ಚಿ ಹಿಡಿಯಬೇಕು. ತಲೆಯನ್ನು ಗಟ್ಟಿಯಾಗಿ ಹಿಡಿದು ನಟ್ ಮಾತ್ರ ತಿರುಗಿಸಬೇಕು. ಮೊದಲು ಬಂದವರು ಇಂಪ್ಯಾಕ್ಟ್ ಗನ್ ಇಟ್ಟು ತಲೆಯನ್ನೇ ತಿರುಗಿಸಿದ್ದರು.

ಹಾಗಾಗಿ, ಯಾರೇ ಬಂದರೂ ಕೆಲಸಕ್ಕೆ ಮೊದಲೇ ಕೇಳಿ: ಜಾಕ್ ಎಲ್ಲಿ ಕೊಡುತ್ತೀರಿ? ಯು-ಬೋಲ್ಟ್ ಹೊಸದಾ? ಟಾರ್ಕ್ ವ್ರೆಂಚ್ (ಬಿಗಿತ ಅಳೆದು ಬಿಗಿಯುವ ಸ್ಪ್ಯಾನರ್) ಇದೆಯಾ? ಮುಖ ಗಂಟಿಕ್ಕಿದರೆ ಗಂಟಿಕ್ಕಲಿ, ಇನ್ನೊಬ್ಬರನ್ನು ಕರೆಯಿರಿ. ಒಂದು ರಾತ್ರಿ ಅಲ್ಲೇ ಉಳಿಯಬೇಕಾದರೂ ಪರವಾಗಿಲ್ಲ. ಕೆಲಸ ಮುಗಿದ ಮೇಲೆ 80 ಕಿ.ಮೀ. ಆಸುಪಾಸಿನಲ್ಲಿ ನಿಲ್ಲಿಸಿ ಯು-ಬೋಲ್ಟ್ ನಟ್, ಚಕ್ರದ ನಟ್ ಎರಡನ್ನೂ ಮತ್ತೆ ಬಿಗಿಸಿ ನೋಡಿ.

ಎರಡು ಟೈರ್ ನಡುವಿನ ಅಂತರವನ್ನು ಅಳೆದು ಟ್ರೇಲರ್ ಬಾಗಿಲ ಒಳಗಡೆ ಬರೆದಿಟ್ಟಿದ್ದೇನೆ. ಈಗ ಎಲ್ಲಿ ನಿಲ್ಲಿಸಿದರೂ ಮೊದಲು ಟೇಪ್ ಹಿಡಿದು ಬಗ್ಗುತ್ತೇನೆ, ಟೀ ಆಮೇಲೆ.